ಕಂಪಲಾಪುರದಿಂದ ಬರಬೇಕಾದ ಅಪ್ಪಣೆ

ಕಾಡಿನೊಳಗಿನಿಂದ, ದಕ್ಷಿಣ ಸುಡಾನ್
೧೦ ಆಗಸ್ಟ್ ೧೯೬೯

ನನ್ನ ಅವ್ವನಿಗೆ,

ನಿನ್ನ ಪಾದಕ್ಕೆ ನಮಸ್ಕಾರ. ನಾಲ್ಕು ವರ್ಷ ಕಾಗದ ಹಾಕಲಿಲ್ಲ. ಸತ್ತನೆಂದು ತಿಳಿದಿದ್ದರೆ ತಪ್ಪು ನಿನ್ನದಲ್ಲ.

ಹೊಗೆಸೊಪ್ಪು ಹದ ಮಾಡುವುದನ್ನು ಕಲಿಯಲು ನಿಮ್ಮ ಊರಿಗೆ ಬಂದವನು ನಾನು. ಹದಿನಾಲ್ಕು ತಿಂಗಳು, ಸೊಪ್ಪನ್ನು ಬಿಸಿಗೆ ಒಣಗಿಸುವ ನಿಮ್ಮ ಬ್ಯಾರನ್ ಪಕ್ಕದ ಕೋಣೆಯಲ್ಲಿದ್ದೆ. ಪಿತಿಯಾ ಎಂಬ ಹೆಸರು ನಾಲಿಗೆಗೆ ಹೊರಳದೆ ನೀನು ಪುಟ್ಟಯ್ಯ ಎಂದೆ. ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಸ್ಲೇಟಿನಲ್ಲಿ ನನಗೆ ಕನ್ನಡ ತಿದ್ದಿಸಿದೆ. ಆ ಅಕ್ಷರಗಳಿಂದ ಈಗ ಬಹಳ ಉಪಯೋಗ. ಈ ಕಾಗದ ಇಲ್ಲಿ ಯಾರ ಕೈಗೆ ಸಿಕ್ಕಿದರೂ ಓದಲು ಬರುವುದಿಲ್ಲ.

ಊರಿಗೆ ಮರಳಿದ ಮೇಲೆ ಚುನಾವಣೆಗೆ ನಿಂತೆ. ಗೆದ್ದೆ. ಖಾರ್ತೂಮಿನ ಪಾರ್ಲಿಮೆಂಟಿನಲ್ಲಿ ಕೂತೆ. ನಮ್ಮ ದಕ್ಷಿಣದ ಜನರ ಪರವಾಗಿ ಹನ್ನೊಂದು ಭಾಷಣ ಮಾಡಿದೆ. ಹನ್ನೆರಡನೆಯದನ್ನು ಬರೆಯುತ್ತಿದ್ದಾಗ ಸರ್ಕಾರದ ಸಿಪಾಯಿಗಳು ನಮ್ಮ ರಸ್ತೆಯ ಹಳ್ಳಿಗಳನ್ನೆಲ್ಲ ಸುಟ್ಟರು. ನಮ್ಮಣ್ಣ, ಅತ್ತಿಗೆ, ಅವರ ಮೂರು ಮಕ್ಕಳು ಮನೆಯೊಳಗೇ ಇದ್ದರು. ಆ ಭಾಷಣ ಅರ್ಧಕ್ಕೇ ನಿಂತಿದೆ. ಈಗ ಮುನ್ನೂರು ಜನ ನನ್ನ ಮಾತಿಗೆ ಕೋವಿ ಎತ್ತುತ್ತಾರೆ, ಇಳಿಸುತ್ತಾರೆ. ನನ್ನನ್ನು ಕಮಾಂಡರ್ ಎನ್ನುತ್ತಾರೆ.

ಗಡಿ ದಾಟಿದರೆ ಯುಗಾಂಡದ ಅರುವಾ ಪೇಟೆ. ಅಲ್ಲಿ ಬಟ್ಟೆ ಅಂಗಡಿಯ ಗುಜರಾತಿ ಶೇಟ್ ಒಬ್ಬರು ಅಂಚೆ ಹಾಕಿಕೊಡುತ್ತಾರೆ. ಕವರಿನ ಹಿಂದೆ ಅವರ ವಿಳಾಸವಿದೆ. ನಿನ್ನ ಯಜಮಾನರು ಅಣ್ಣಯ್ಯನವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಮಗ,
ಪುಟ್ಟಯ್ಯ


ಕಂಪಲಾಪುರ, ಪಿರಿಯಾಪಟ್ಟಣ ತಾಲ್ಲೂಕು
೧೪ ಅಕ್ಟೋಬರ್ ೧೯೬೯

ಚಿರಂಜೀವಿ ಪುಟ್ಟಯ್ಯನಿಗೆ ಮಂಗಳಮ್ಮ ಮಾಡುವ ಆಶೀರ್ವಾದ. ಮಾರಮ್ಮನ ದಯದಿಂದ ನಾವು ಉಂಡುಟ್ಟು ಚೆನ್ನಾಗಿದ್ದೇವೆ.

ಅಂಚೆಯ ಚಲುವಯ್ಯ ಕಾಗದ ಹಿಡಿದು ಬೀದಿಯಿಂದಲೇ ಕೂಗಿದ. "ಮಂಗಳವ್ವ, ಇದ್ಯಾವ್ ಸೀಮೆ ಟಿಕೀಟ್ ಕಣವ್ವ? ಜುಟ್ಟಿರೋ ಕೊಕ್ಕರೆ ಅದೆ ಇದ್ರಲ್ಲಿ!" ನಿನ್ನ ಅಕ್ಷರ ನೋಡಿ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನಾಲ್ಕು ವರ್ಷದಿಂದ ಮಾರಮ್ಮನ ಮುಂದೆ ನಿನ್ನ ಹೆಸರು ಹೇಳುತ್ತಲೇ ಇದ್ದೆ ಕಣಪ್ಪ. ಇದ್ದಾನೋ ಇಲ್ಲವೋ ಎಂದು ತಿಳಿಯದೆ, ಇರುವವರ ಸಾಲಿನಲ್ಲೇ ಹೇಳುತ್ತಿದ್ದೆ.

ಯಜಮಾನರಿಗೆ ಓದಿ ಹೇಳಿದೆ. ಒಲೆಗೆ ಸೌದೆ ಹಾಕುತ್ತಿದ್ದವರು ಸೌದೆ ಹಿಡಿದುಕೊಂಡೇ ನಿಂತರು. "ನಮ್ ಪುಟ್ಟಯ್ಯನ್ ಕೈಲಿ ಕೋವಿಯಾ? ಕೋಳಿ ಕುಯ್ಯೋವಾಗ ಎದ್ದು ಆಚೆಗ್ ಓಯ್ತಿದ್ನಲ್ಲೇ!" ಎಂದರು.

ಊರಿಗೆಲ್ಲ ಸುದ್ದಿ ಹಬ್ಬಿದೆ. ಬ್ಯಾರನ್ನಿಗೆ ತಗಡಿನ ಕೊಳವೆ ಮಾಡಿಕೊಡುವ ಹುಣಸೂರಿನ ಜಾನ್ ಪಾಷಾ ನಿನಗೆ ನೆನಪಿರಬೇಕು. "ಅಮ್ಮ, ನಿಮ್ಮ ಮಗ ನಮ್ಮ ಅಮಲ್ದಾರರಿಗಿಂತ ದೊಡ್ಡೋನಾ, ಸಣ್ಣೋನಾ?" ಎಂದು ಕೇಳಿದ. ನನಗೇನು ಗೊತ್ತು? ಚಂದ್ರನ ಮೇಲೆ ಮನುಷ್ಯ ಇಳಿದನೆಂದು ಎಲ್ಲರೂ ಬಾಯಿ ಬಿಟ್ಟುಕೊಂಡು ಹೇಳಿದಾಗ ನನಗೆ ಏನೂ ಅನ್ನಿಸಲಿಲ್ಲ. ನನ್ನ ಜಗುಲಿಯಲ್ಲಿ ಕೂತು ಮುದ್ದೆ ಮುರಿದವನ ಮಾತಿಗೆ ಮುನ್ನೂರು ಕೋವಿ ಏಳುತ್ತವೆ ಎಂದರೆ ಮಾತ್ರ ಮೈ ಜುಮ್ಮೆನ್ನುತ್ತದೆ.

ನಿಮ್ಮಣ್ಣನ ಮಕ್ಕಳ ವಿಷಯಕ್ಕೆ ಏನು ಬರೆಯಲಿ? ಮೂರು ದಿನ ಬರೆದು ಹರಿದೆ.

ಇಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದೇನೆ. ಅದನ್ನು ಬೆಳಕಿಗೆ ಹಿಡಿದು ಓದಬೇಡ.

ಇಂತಿ,
ಮಂಗಳಮ್ಮ


ಕಾಡಿನೊಳಗಿನಿಂದ
೧೧ ಜನವರಿ ೧೯೭೦

ಅವ್ವ,

ಈ ಸಲ ನಿನ್ನಿಂದ ಒಂದು ಕೆಲಸ ಆಗಬೇಕು. ನಿಧಾನವಾಗಿ ಓದು.

ಕ್ರಿಸ್ಮಸ್ಸಿಗೆ ಎರಡು ದಿನ ಮುಂಚೆ ಸರ್ಕಾರದ ಲಾರಿಯೊಂದನ್ನು ಹಿಡಿದೆವು. ಏಳು ಸಿಪಾಯಿಗಳು ಸಿಕ್ಕಿದ್ದಾರೆ. ನಮ್ಮ ರಸ್ತೆಯ ಹಳ್ಳಿಗಳನ್ನು ಸುಟ್ಟ ದಂಡಿನವರೇ. ಇವರ ಕೈಯೇ ಬೆಂಕಿ ಇಟ್ಟಿತೋ ಇಲ್ಲವೋ ಗೊತ್ತಿಲ್ಲ, ಕೇಳಿದರೆ ಇಲ್ಲ ಎನ್ನುತ್ತಾರೆ. ನನ್ನ ಜನ ಇವರನ್ನು ಕೊಲ್ಲಬೇಕು ಎನ್ನುತ್ತಾರೆ. ನನ್ನವರಲ್ಲಿ ಮನೆ ಸುಟ್ಟುಹೋಗದವನು ಒಬ್ಬನೂ ಇಲ್ಲ.

ನಾನು ಬಿಡಿ ಎಂದರೆ ದಳ ಒಡೆಯುತ್ತದೆ. ಖಾರ್ತೂಮಿನ ಕುರ್ಚಿಯಲ್ಲಿ ಕೂತು ಬಂದವನು, ಅವರ ಉಪ್ಪಿನ ಋಣ ಇನ್ನೂ ತೀರಿಲ್ಲ ಎನ್ನುತ್ತಾರೆ. ಹೊಡೆಯಿರಿ ಎನ್ನಲು ನನಗೆ ಬಾಯಿ ಬರುತ್ತಿಲ್ಲ.

ಅಣ್ಣಯ್ಯನವರು ಎರಡನೇ ಬ್ಯಾರನ್ ಕಟ್ಟಬೇಕೋ ಬೇಡವೋ ಎಂದು ಮಾರಮ್ಮನಲ್ಲಿ ಹೂ ಕೇಳಿದ ದಿನ ನಾನೂ ಬಂದಿದ್ದೆ. ಪೂಜಾರಿ ಮಂಟಯ್ಯ ಅಮ್ಮನ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿದ. ಎಲ್ಲರೂ ಉಸಿರು ಬಿಗಿಹಿಡಿದು ನಿಂತೆವು. ಬಲಗಡೆಯ ಹೂ ಉದುರಿತು, ಅಣ್ಣಯ್ಯನವರು ಮಾರನೆಯ ದಿನವೇ ಇಟ್ಟಿಗೆ ತರಿಸಿದರು. ಒಂದು ಹೂವಿಗೆ ಅಷ್ಟು ಜನ ತಲೆಬಾಗಿದ್ದನ್ನು ನಾನು ಮರೆತಿಲ್ಲ.

ನನ್ನ ಜನರಿಗೆ ಇದನ್ನು ಹೇಳಿದೆ. ಸಮುದ್ರದ ಆಚೆ ನನಗೊಬ್ಬ ತಾಯಿ ಇದ್ದಾಳೆ, ಅವಳ ಊರಿನ ದೇವತೆಗೆ ನಮ್ಮ ಜಗಳದಲ್ಲಿ ಯಾವ ಪಕ್ಷವೂ ಇಲ್ಲ, ಅವಳನ್ನೇ ಕೇಳೋಣ ಎಂದೆ. ಒಂದು ದಿನವೆಲ್ಲ ಕಚ್ಚಾಡಿ ಕೊನೆಗೆ ಒಪ್ಪಿದರು. ನಿನ್ನ ಉತ್ತರ ಬರುವವರೆಗೆ ಯಾರೂ ಆ ಏಳು ಜನರನ್ನು ಮುಟ್ಟುವುದಿಲ್ಲ.

ಬಲಗಡೆ ಆದರೆ ಬಿಡುತ್ತೇನೆ. ಎಡಗಡೆ ಆದರೆ ನನ್ನ ಜನರ ಕೈಗೆ ಕೊಡುತ್ತೇನೆ. ನಾನು ಇಗರ್ಜಿಗೆ ಹೋಗುವವನು ಎಂಬುದು ನಿಮ್ಮ ಮಾರಮ್ಮನಿಗೆ ಗೊತ್ತು. ಅಂದೂ ನನಗೆ ಕುಂಕುಮ ಕೊಟ್ಟಿದ್ದಳು.

ಏನಾಯಿತೋ ಅದನ್ನೇ ಬರೆ ಅವ್ವ. ನಿನ್ನ ಬಾಯಲ್ಲಿ ಸುಳ್ಳು ಬಾರದೆಂದೇ ನಿನ್ನನ್ನು ಕೇಳುತ್ತಿದ್ದೇನೆ.

ಪುಟ್ಟಯ್ಯ


ಕಂಪಲಾಪುರ
೨೨ ಮೇ ೧೯೭೦

ಚಿರಂಜೀವಿ ಪುಟ್ಟಯ್ಯನಿಗೆ ಆಶೀರ್ವಾದ.

ನಿನ್ನ ಕಾಗದ ಮಾರ್ಚಿಯಲ್ಲೇ ಬಂತು. ನಮ್ಮ ಮೈದುನ ತೀರಿಕೊಂಡ. ಸೂತಕ ಕಳೆಯುವವರೆಗೆ ಗುಡಿ ಹತ್ತುವಂತಿರಲಿಲ್ಲ. ಅದಕ್ಕೇ ತಡವಾಯಿತು.

ಮಂಗಳವಾರ ತಲೆಗೆ ನೀರು ಹಾಕಿಕೊಂಡು ಹೋಗಿ ಕೇಳಿದೆ. ಬಲಗಡೆ ಆಯಿತು.

ಬಿಟ್ಟುಬಿಡು.

ಮಂಗಳಮ್ಮ


ಕಾಡಿನೊಳಗಿನಿಂದ
೩೦ ಆಗಸ್ಟ್ ೧೯೭೦

ಅವ್ವ,

ಏಳು ಜನರೂ ನದಿ ದಾಟಿ ಹೋದರು.

ನಿನ್ನ ಕಾಗದ ಜುಲೈ ತಿಂಗಳ ಹತ್ತೊಂಬತ್ತಕ್ಕೆ ಕೈ ಸೇರಿತು. ನಾನು ಕೇಳಿ ಆರು ತಿಂಗಳ ಮೇಲಾಗಿತ್ತು. ಆ ಆರು ತಿಂಗಳು ಇಲ್ಲಿ ಹೇಗಿತ್ತೆಂದು ಹೇಳುತ್ತೇನೆ, ನನಗೇ ಇನ್ನೂ ನಂಬಿಕೆ ಬಂದಿಲ್ಲ.

ಮೊದಮೊದಲು ನನ್ನ ಜನ ದಿನವೂ ಬೆಳಿಗ್ಗೆ ಬಂದು ಕೇಳುತ್ತಿದ್ದರು, ಕಾಗದ ಬಂತಾ ಎಂದು. ಕೈ ಕಡಿಯುತ್ತಿತ್ತು ಅವರಿಗೆ. ಆಮೇಲೆ ಸೆರೆಯವರೂ ಕೇಳತೊಡಗಿದರು. ಎಲ್ಲಿಂದ ಬರಬೇಕು ಎಂದರು. ಕೋಲಿನಿಂದ ನೆಲದಲ್ಲಿ ಬರೆದು ತೋರಿಸಿದೆ. ಇದು ಸಮುದ್ರ, ಇದು ಮೈಸೂರು, ಇದು ಹುಣಸೂರಿನ ರಸ್ತೆ, ಇಲ್ಲಿ ನಮ್ಮವ್ವನ ಮನೆ. ಮಾರನೆಯ ದಿನ ನೋಡಿದರೆ ಆ ಗೆರೆಗಳ ಮೇಲೆ ಯಾರೂ ಕಾಲಿಟ್ಟಿರಲಿಲ್ಲ, ಸುತ್ತು ಹಾಕಿಕೊಂಡು ಓಡಾಡುತ್ತಿದ್ದರು. ಕಾವಲಿನವನೂ ಸೆರೆಯವನೂ ಒಂದೇ ಮಡಕೆಯಿಂದ ಉಣ್ಣುತ್ತಾ ಕಂಪಲಾಪುರ ಎನ್ನುವುದನ್ನು ಕಲಿತರು. ಮಳೆ ಬಂದಾಗ ಸೆರೆಯವರೇ ನಮ್ಮ ಗುಡಿಸಲುಗಳಿಗೆ ಹುಲ್ಲು ಹೊದಿಸಿದರು. ಮೂರು ಸಲ ಅವರನ್ನೂ ಕಟ್ಟಿಕೊಂಡೇ ಜಾಗ ಬದಲಾಯಿಸಿದೆವು. ಒಬ್ಬನಿಗೆ ಜ್ವರ ಬಂದಾಗ, ಅವನನ್ನು ಕೊಲ್ಲಲೇಬೇಕು ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ್ದ ನಮ್ಮ ಮುದುಕನೇ ಹೊತ್ತುಕೊಂಡು ನಡೆದ. ಕೇಳಿದರೆ, ಅಪ್ಪಣೆ ಬರುವ ಮುಂಚೆ ಸತ್ತರೆ ಲೆಕ್ಕ ತಪ್ಪುತ್ತದೆ ಎಂದ.

ಕಾಗದ ಬಂದ ದಿನ ಎಲ್ಲರನ್ನೂ ಕೂಡಿಸಿದೆ. ಮೊದಲು ಕನ್ನಡದಲ್ಲಿ ಓದಿದೆ. ಯಾರಿಗೂ ತಿಳಿಯಲಿಲ್ಲ, ಆದರೂ ಮುನ್ನೂರು ಜನರಲ್ಲಿ ಒಬ್ಬನೂ ಕೆಮ್ಮಲಿಲ್ಲ. ಆಮೇಲೆ ನಮ್ಮ ಭಾಷೆಯಲ್ಲಿ ಹೇಳಿದೆ. ಒಬ್ಬನೂ ಎದುರಾಡಲಿಲ್ಲ ಅವ್ವ. ಅದೇ ಮುದುಕ ಎದ್ದು ಹೋಗಿ ಹಗ್ಗ ಬಿಚ್ಚಿದ. ನದಿಯವರೆಗೆ ಜೊತೆಗೆ ಹೋದೆವು. ದಾಟುವ ಮುಂಚೆ ಅವರಲ್ಲಿ ಒಬ್ಬ ನಿನ್ನ ಕಾಗದವನ್ನು ಕೇಳಿ ಪಡೆದು ಹಣೆಗೆ ಒತ್ತಿಕೊಂಡು ವಾಪಸ್ ಕೊಟ್ಟ.

ಪಾರ್ಲಿಮೆಂಟಿನಲ್ಲಿ ಹನ್ನೊಂದು ಭಾಷಣ ಮಾಡಿದೆನಲ್ಲ, ಅವುಗಳಿಂದ ಒಂದು ಕೋಳಿಯ ಜೀವವೂ ಉಳಿಯಲಿಲ್ಲ.

ಪುಟ್ಟಯ್ಯ


ಕಂಪಲಾಪುರ
೧೮ ನವೆಂಬರ್ ೧೯೭೦

ಪುಟ್ಟಯ್ಯ,

ನಿನ್ನ ಕಾಗದ ಓದಿ ಮೈಮೇಲೆ ಮುಳ್ಳು ಎದ್ದವು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅತ್ತಿದ್ದು ಸಂತೋಷಕ್ಕೊಂದೇ ಅಲ್ಲ. ಇನ್ನು ಮುಚ್ಚಿಡಲು ನನ್ನ ಕೈಲಾಗುವುದಿಲ್ಲ.

ಹೂ ಎಡಗಡೆ ಬಿದ್ದಿತ್ತು ಕಣಪ್ಪ.

ಹೇಳಿದಂತೆ ಮಂಗಳವಾರವೇ ಹೋಗಿದ್ದೆ, ಆದರೆ ಅದು ಏಪ್ರಿಲ್ ತಿಂಗಳಲ್ಲಿ. ಮಂಟಯ್ಯ ಎರಡು ಭುಜಕ್ಕೂ ಕಣಗಿಲೆ ಅಂಟಿಸಿದ. ನಾನು ಕಣ್ಣು ಮುಚ್ಚಿ ಏಳು ಜೀವ ಎಂದು ಮನಸ್ಸಿನಲ್ಲೇ ಕೇಳಿದೆ. ಕಣ್ಣು ಬಿಡುವುದರೊಳಗೆ ಎಡಗಡೆಯದು ಅಮ್ಮನ ಮಡಿಲಲ್ಲಿತ್ತು. ಕಾಯಿಸಲೂ ಇಲ್ಲ ಅವಳು. "ಆಯ್ತಲ್ಲ ಬುಡವ್ವ, ಎಡ ಕೊಟ್ಟವ್ಳೆ. ಏನ್ ಕೇಳ್ಕಂಡೆ?" ಎಂದ ಮಂಟಯ್ಯ. ದನ ಮಾರುವ ವಿಚಾರ ಎಂದೆ. "ಅಂಗಾರೆ ಮಾರ್ಬ್ಯಾಡ" ಎಂದು ಪ್ರಸಾದ ಕೊಟ್ಟ. ಗುಡಿಯೊಳಗೆ ನಿಂತು ಆಡಿದ ಮೊದಲ ಸುಳ್ಳು ಅದು. ಎರಡನೆಯದನ್ನು ನಿನಗೆ ಬರೆದೆ.

ಸೂತಕ ನಿಜ. ಹನ್ನೊಂದು ದಿನ. ಉಳಿದದ್ದೆಲ್ಲ ನನ್ನ ಹೆದರಿಕೆ. ಎಡ ಎಂದು ಬರೆಯಲು ಕೂತರೆ, ನಿನಗೆ ಅಕ್ಷರ ತಿದ್ದಿಸಿದ ಕೈ ಇದು, ಇದರಿಂದಲೇ ಏಳು ತಾಯಂದಿರ ಮಕ್ಕಳನ್ನು ಕೊಲ್ಲು ಎಂದು ಹೇಗೆ ಬರೆಯಲಿ ಎನ್ನಿಸುತ್ತಿತ್ತು. ಬಲ ಎಂದು ಬರೆಯಲು ಕೂತರೆ, ಐವತ್ತು ವರ್ಷ ಯಾರ ಮುಂದೆ ಅಡ್ಡಬಿದ್ದೆನೋ ಅವಳ ಮಾತನ್ನು ತಿರುಚುತ್ತಿದ್ದೇನೆ ಎನ್ನಿಸುತ್ತಿತ್ತು. ಯಜಮಾನರಿಗೂ ಹೇಳಲಿಲ್ಲ. ಅವರು ಹೇಳಿದಂತೆ ಕೇಳಿ ತಪ್ಪನ್ನು ಅವರ ಮೇಲೆ ಹೊರಿಸಿಬಿಡುತ್ತೇನೇನೋ ಎಂದು ಭಯ.

ಕೊನೆಗೆ ಒಂದು ದಿನ ಗುಡಿಗೆ ಹೋಗಿ ಎದುರಿಗೇ ನಿಂತು ಹೇಳಿದೆ. "ಅವ್ವ, ನೀನ್ ಎಡ ಕೊಟ್ಟೆ. ನಾನು ಬಲ ಅಂತ ಬರಿತೀನಿ. ಏನ್ ಮಾಡ್ತೀಯೋ ನಂಗ್ ಮಾಡು. ಆ ಐಕ್ಳ ಮೇಲೆ ಹಾಕ್ಬೇಡ." ಹೇಳಿ ಬಂದು ಆ ಕಾಗದ ಬರೆದೆ. ಅದಕ್ಕೇ ಅಷ್ಟು ಚಿಕ್ಕದಾಯಿತು.

ಸೆಪ್ಟೆಂಬರಿನಲ್ಲಿ ಎರಡನೇ ಬ್ಯಾರನ್ನಿಗೆ ಬೆಂಕಿ ಬಿತ್ತು. ಸೊಪ್ಪಿನ ಕಡ್ಡಿಯೊಂದು ಜಾರಿ ಕಾದ ಕೊಳವೆಯ ಮೇಲೆ ಬಿದ್ದಿತ್ತು. ನೀರು ತರುವಷ್ಟರಲ್ಲಿ ಗೋಡೆ ಮಾತ್ರ ಉಳಿದಿತ್ತು. ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. "ಕಟ್ಟು ಅಂತ ಅಮ್ಮನೇ ಬಲ ಕೊಟ್ಟಿದ್ಲು ಕಣೇ, ಅವಳೇ ಯಾಕಿಂಗ್ ಸುಟ್ಲು?" ಎಂದು ಕೇಳಿದರು. ಕಾರಣ ನನಗೆ ಗೊತ್ತಿತ್ತು. ಒಳಗೊಳಗೇ ಅಮ್ಮನಿಗೆ ಕೈ ಮುಗಿದೆ. ಏಳು ಜೀವಕ್ಕೆ ಒಂದು ಬ್ಯಾರನ್ ಸಾಕೆಂದು ಒಪ್ಪಿಕೊಂಡಳಲ್ಲ, ಅಂಥ ದೊಡ್ಡವಳು.

ಸುಳ್ಳು ಬರೆಯಬೇಡ ಎಂದು ನೀನು ಕೇಳಿಕೊಂಡಿದ್ದೆ. ಬರೆದೆ. ಇನ್ನು ಮುಂದೆ ಅವ್ವ ಎನ್ನುತ್ತೀಯೋ ಮಂಗಳಮ್ಮ ಎನ್ನುತ್ತೀಯೋ ನಿನಗೆ ಬಿಟ್ಟದ್ದು.

ಇಂತಿ,
ಮಂಗಳಮ್ಮ


ಕಾಡಿನೊಳಗಿನಿಂದ
೨ ಮಾರ್ಚ್ ೧೯೭೧

ಅವ್ವ,

ಅವ್ವ ಎಂದೇ ಬರೆಯುತ್ತೇನೆ. ಈ ಕಾಗದ ಓದಿದ ಮೇಲೆ ನಾನು ಮಗ ಹೌದೋ ಅಲ್ಲವೋ ಎನ್ನುವುದನ್ನು ನೀನು ಹೇಳು.

ಲಾರಿಯಲ್ಲಿ ಎಂಟು ಜನ ಇದ್ದರು.

ಎಂಟನೆಯವನು ಉತ್ತರದ ಕಡೆಯ ಮುಸಲ್ಮಾನ ಹುಡುಗ, ಚಿಕ್ಕ ಅಧಿಕಾರಿ. ಇಪ್ಪತ್ತೈದರ ಒಳಗಿನ ವಯಸ್ಸು. ಉಳಿದವರೆಲ್ಲ ಹೆದರಿ ನೆಲ ನೋಡುತ್ತಿದ್ದರು. ಇವನು ನನ್ನ ಮುಖ ನೋಡಿದ. ನೀರು ಕೇಳಿದ, ಕೊಟ್ಟೆ. ಕುಡಿದು ಲೋಟ ವಾಪಸ್ ಕೊಡುತ್ತಾ, "ನೀವು ಪಾರ್ಲಿಮೆಂಟಿನಲ್ಲಿ ಇದ್ದವರಲ್ಲವೇ? ಕಾಲೇಜಿನಲ್ಲಿದ್ದಾಗ ನಿಮ್ಮ ಭಾಷಣ ಕೇಳಲು ಗ್ಯಾಲರಿಗೆ ಬಂದಿದ್ದೆ. ನೀವು ಹೇಳಿದ್ದು ಸರಿಯಾಗಿತ್ತು" ಎಂದ.

ಅಷ್ಟೇ ಅವ್ವ. ಬೈಯಲಿಲ್ಲ, ಓಡಲಿಲ್ಲ. ನಾನು ಏನಾಗಿದ್ದೆ ಎಂಬುದನ್ನು ತಿಳಿದವನು ನಾನು ಏನಾಗಿದ್ದೇನೆ ಎಂಬುದನ್ನು ನೋಡುತ್ತಾ ನಿಂತಿದ್ದ. ಅದನ್ನು ತಡೆಯಲಾಗಲಿಲ್ಲ. ಎಡಗೈಯಲ್ಲಿ ಅವನು ಕೊಟ್ಟ ಲೋಟ ಇತ್ತು, ಬಲಗೈಯಿಂದ ಗುಂಡು ಹೊಡೆದು ಕೊಂದೆ. ಯಾರನ್ನೂ ಕೇಳಲಿಲ್ಲ. ನನ್ನ ಜನ ಕುಣಿದರು. ಆ ಕುಣಿತ ನೋಡಿದ ಮೇಲೆ, ಉಳಿದ ಏಳು ಜನಕ್ಕೆ ಯಾರನ್ನಾದರೂ ಕೇಳಲೇಬೇಕು ಎನ್ನಿಸಿತು. ನಿನ್ನ ಹೆಸರು ಬಾಯಿಗೆ ಬಂತು.

ನಿನಗೆ ಬರೆಯುವಾಗ ಏಳು ಎಂದಷ್ಟೇ ಬರೆದೆ. ಅದು ಸುಳ್ಳಲ್ಲ ಎಂದು ಒಂದು ವರ್ಷ ನನಗೆ ನಾನೇ ಹೇಳಿಕೊಂಡೆ.

ನಿನ್ನ ದೇವತೆಯ ಮಾತನ್ನು ನೀನು ನನಗಾಗಿ ಮೀರಿದೆ. ಓದಿದ ಮೇಲೆ ಈ ಮಾತನ್ನು ಒಳಗಿಟ್ಟುಕೊಂಡು ಕೂರುವುದು ಸಾಧ್ಯವಾಗಲಿಲ್ಲ.

ಪುಟ್ಟಯ್ಯ


ಕಂಪಲಾಪುರ
೨೭ ಸೆಪ್ಟೆಂಬರ್ ೧೯೭೧

ಪುಟ್ಟಯ್ಯ,

ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಇನ್ನು ಬರೆಯಬಾರದೆಂದೇ ಇದ್ದೆ. ಚಲುವಯ್ಯ ಕೇಳಿದ, "ಕಮಾಂಡರ್ರಿಗೆ ಕಾಗ್ದ ಹಾಕಕಿಲ್ವಾ ಮಂಗಳವ್ವ?" ಎಂದು. ಅವನ ಮೇಲೆ ಸುಮ್ಮಸುಮ್ಮನೆ ರೇಗಿದೆ. ದೇವರ ಮುಂದೆ ಹೆಸರುಗಳನ್ನು ಹೇಳುವಾಗ ನಿನ್ನ ಹೆಸರು ಬಾಯಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ.

ಮೊನ್ನೆ ಮಾರ್ಲಮಿ ಹಬ್ಬ. ಸತ್ತ ಹಿರಿಯರಿಗೆ ಎಡೆ ಇಡುವ ದಿನ ಎಂಬುದನ್ನು ನೀನೂ ಕಂಡಿದ್ದೀಯೆ. ಬಾಳೆಲೆ ಹಾಕಿ ಅವರವರಿಗೆ ಇಷ್ಟವಾದದ್ದನ್ನು ಬಡಿಸಿದೆ. ಮಾವನವರಿಗೆ ಬಾಡಿನ ಸಾರು, ಮುದ್ದೆ, ಒಂದು ಕಟ್ಟು ಬೀಡಿ. ಅತ್ತೆಗೆ ಕಜ್ಜಾಯ, ಎಲೆಅಡಿಕೆ. ಮೈದುನನಿಗೆ ಮೊಟ್ಟೆ. ಎಲ್ಲ ಬಡಿಸಿ ಎದ್ದವಳು ಇನ್ನೊಂದು ಎಲೆ ಹಾಕಿದೆ. ಯಾಕೆ ಹಾಕಿದೆನೋ ನನಗೇ ತಿಳಿಯದು. ಹಾಕಿಬಿಟ್ಟೆ. ಆಮೇಲೆ ಅದಕ್ಕೆ ಏನು ಬಡಿಸುವುದೆಂದು ತಿಳಿಯದೆ ಸೌಟು ಹಿಡಿದು ನಿಂತೆ. ಯಾರ ಹೆಸರು ಹೇಳಿ ಕರೆಯಲಿ?

"ಯಾರ್ಗೇ ಅದು?" ಎಂದರು ಯಜಮಾನರು.

ಅವತ್ತು ಎಲ್ಲವನ್ನೂ ಹೇಳಿದೆ. ಹೂವಿನದು, ಬೆಂಕಿಯದು, ನಿನ್ನದು. ಅವರು ಕೂತಲ್ಲೇ ಕೇಳಿದರು. ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. "ಆ ಲೋಟ ಏನ್ ಮಾಡ್ದನಂತೆ?" ಎಂದು ಮಾತ್ರ ಕೇಳಿದರು. ಅವರು ಕೇಳಿದ್ದಕ್ಕೆ ಬರೆದಿದ್ದೇನೆ.

ಜಾನ್ ಪಾಷಾನ ಹೆಂಡತಿ ಮುನ್ನೀಬಿಯನ್ನು ಕೇಳಿದೆ. ಆ ಹುಡುಗ ಅವರ ಮತದವನೇ ಅಲ್ಲವೇ? "ನಾವೂ ಸತ್ತವರ ಹೆಸರಲ್ಲಿ ಓದಿಸಿ ಊಟ ಹಂಚ್ತೀವಮ್ಮ. ಆದ್ರೆ ಆ ಮಗೂಗೆ ಏನ್ ಇಷ್ಟ ಅಂತ ಅದರ ತಾಯೇ ಹೇಳ್ಬೇಕು. ಬೇರೆಯೋರ್ಗೆ ಎಲ್ಲಿ ಗೊತ್ತಾಗತ್ತೆ?" ಎಂದಳು.

ಈ ಸಲ ಬರಿ ಎಲೆಯನ್ನೇ ಮಡಿಸಿದೆ. ಮುಂದಿನ ಮಾರ್ಲಮಿಗೆ ಹಾಗಾಗಬಾರದು. ಅವನ ಹೆಸರು ಬರೆದು ಕಳಿಸು. ಅವನು ಏನು ತಿನ್ನುತ್ತಿದ್ದ ಎಂಬುದನ್ನೂ ತಿಳಿದು ಬರೆ.

ನಿನ್ನನ್ನು ಕ್ಷಮಿಸುವುದಕ್ಕೆ ನಾನು ಯಾರು? ಅದು ನನ್ನ ಕೈಯಲ್ಲಿಲ್ಲ. ಅಡುಗೆ ಮಾಡುವುದು ನನ್ನ ಕೈಯಲ್ಲಿದೆ.

ಅವ್ವ


ಜುಬಾ
೨ ಏಪ್ರಿಲ್ ೧೯೭೨

ಅವ್ವ,

ಯುದ್ಧ ನಿಂತಿತು. ಹೋದ ತಿಂಗಳು ಒಪ್ಪಂದ ಜಾರಿಗೆ ಬಂತು. ನನ್ನ ಮುನ್ನೂರು ಜನರಲ್ಲಿ ಉಳಿದ ನೂರ ಎಂಬತ್ತು ಜನರನ್ನು ಕರೆದುಕೊಂಡು ಕಾಡಿನಿಂದ ಹೊರಗೆ ಬಂದೆ. ಕೋವಿ ಒಪ್ಪಿಸಿ ಸಹಿ ಹಾಕಿದೆ. ಆ ಲೋಟ ನನ್ನ ಹತ್ತಿರವೇ ಇದೆ ಎಂದು ಅಣ್ಣಯ್ಯನವರಿಗೆ ಹೇಳು. ಅವತ್ತಿನಿಂದ ನಾನು ಇನ್ನೊಂದರಲ್ಲಿ ನೀರು ಕುಡಿದಿಲ್ಲ.

ಇಲ್ಲಿ ಹೊಸ ಸರ್ಕಾರ ಆಗುತ್ತಿದೆ. ಬುಧವಾರದ ಸಭೆಗೆ ಬಾ, ನಿನಗೆ ವ್ಯವಸಾಯದ ಖಾತೆ ಎಂದಿದ್ದಾರೆ. ನಾನು ಹೋಗುವುದಿಲ್ಲ. ಉತ್ತರಕ್ಕೆ ಹೋಗುವ ಹಡಗು ಮಂಗಳವಾರ ಹೊರಡುತ್ತದೆ.

ಅವನ ಹೆಸರು ಇದ್ರೀಸ್. ಜೇಬಿನಲ್ಲಿದ್ದ ಚೀಟಿಯಲ್ಲಿ ಊರಿನ ಹೆಸರೂ ಇತ್ತು. ನದಿಯ ಮೇಲೆ ಒಂಬತ್ತು ದಿನ, ಆಮೇಲೆ ರೈಲು. ಬಿಟ್ಟ ಏಳು ಜನರಲ್ಲಿ ಒಬ್ಬನು ಇಲ್ಲಿ ಸಿಕ್ಕಿದ್ದ. ಇದ್ರೀಸನ ತಾಯಿ ಬದುಕಿದ್ದಾಳೆ ಎಂದ. ಇಬ್ಬರು ಅಣ್ಣಂದಿರೂ ಇದ್ದಾರೆ, ಹೋಗಬೇಡ ಎಂದ.

ಏನು ತಿನ್ನುತ್ತಿದ್ದ ಎಂಬುದು ನನಗೆ ಗೊತ್ತಿಲ್ಲ ಅವ್ವ. ಅವಳ ಬಾಗಿಲಿಗೆ ಹೋಗಿ, ಮೊದಲು ನಾನು ಯಾರೆಂದು ಹೇಳುತ್ತೇನೆ. ಆಮೇಲೆ, ಅವಳು ಮಾತಾಡಲು ಬಿಟ್ಟರೆ, ಕೇಳುತ್ತೇನೆ.

ತಿಳಿದರೆ ತಕ್ಷಣ ಬರೆಯುತ್ತೇನೆ. ಮಾರ್ಲಮಿ ಹೊತ್ತಿಗೆ ಕಾಗದ ಬಾರದಿದ್ದರೆ ಎರಡು ಎಲೆ ಹಾಕು. ನನಗೆ ಏನು ಇಷ್ಟ ಎಂಬುದು ನಿನಗೆ ಗೊತ್ತು.

ನಿನ್ನ ಮಗ,
ಪುಟ್ಟಯ್ಯ